ಡಬ್ಬಿ ಎತ್ತಿ ನೋಡಿ: ಮಾಳಿಗೆ ಮೇಲಿನ ಕೊತ್ತಂಬರಿ, ಪುದೀನ ಯಾಕೆ ಸಾಯುತ್ತಿದೆ?

ಮೊದಲು ಕೈಯಲ್ಲಿರುವ ನೀರಿನ ಮಗ್ಗು ಕೆಳಗಿಡಿ.

ಹಳೆ ಡಬ್ಬಿ, ಬಕೆಟ್‌ಗಳಲ್ಲಿ ಸೊಪ್ಪು ಬೆಳೆಸುವ ನಾವೆಲ್ಲ ಮಾಡುವ ಮೊದಲ ತಪ್ಪು ಇದೇ. ಎಲೆ ಜೋತು ಬಿತ್ತಾ, ನೀರು. ಹಳದಿ ಆಯ್ತಾ, ಇನ್ನೊಂದು ಮಗ್ಗು ನೀರು. ನಾನು ಎರಡು ವರ್ಷ ಹೀಗೇ ಮಾಡಿದೆ. ಹದಿನೈದು ಕೆಜಿ ಎಣ್ಣೆ ಡಬ್ಬಿಗಳನ್ನು ಅಡ್ಡ ಕತ್ತರಿಸಿ, ಹೊಲದಿಂದ ತಂದ ಎರೆ ಮಣ್ಣು, ಅಂದರೆ ಕಪ್ಪು ಜಿಗಟು ಮಣ್ಣು ತುಂಬಿ, ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಸಾಲಾಗಿ ಇಟ್ಟು, ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿ, ಒಂದೊಂದಾಗಿ ಎಲ್ಲವನ್ನೂ ಕೊಂದೆ. ಕೊನೆಗೆ ಎದುರು ಮನೆ ಆಯಿ ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಬಾಡಿದ ಪುದೀನದ ಡಬ್ಬಿಯನ್ನು ಎರಡೂ ಕೈಯಿಂದ ನಾಲ್ಕು ಬೆರಳು ಮೇಲೆತ್ತಿ, ಮತ್ತೆ ಕೆಳಗಿಟ್ಟು, "ಅಲ್ಲೋ ತಮ್ಮ, ಕಲ್ಲಿನಂಗ ಭಾರ ಅದ ಇದು. ಸಾಕು ಸಾಕು ಅಂತ ಅದು ಹೇಳಲತ್ತದ, ನೀ ಮತ್ತ ನೀರ ಹಾಕಲತ್ತಿ" ಅಂದರು.

ಅವತ್ತಿನಿಂದ ನಾನು ಎಲೆ ನೋಡುವ ಮೊದಲು ಡಬ್ಬಿ ಎತ್ತುತ್ತೇನೆ. ನೀರು ಇಲ್ಲದೆ ಬಾಡಿದ ಗಿಡ, ನೀರು ಜಾಸ್ತಿಯಾಗಿ ಬಾಡಿದ ಗಿಡ ನೋಡಲು ಒಂದೇ ಥರ ಇರುತ್ತವೆ. ಮಣ್ಣು ಪೂರ್ತಿ ನೆಂದಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ನೀರಿನಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತದೆ. ಎಲೆಯಿಂದ ಇದು ಗೊತ್ತಾಗಲ್ಲ, ಭಾರದಿಂದ ಗೊತ್ತಾಗುತ್ತದೆ.

ಅಂದಾಜು ಸಿಗಬೇಕಾದರೆ ಒಂದು ಕೆಲಸ ಮಾಡಿ. ಚೆನ್ನಾಗಿ ನೀರು ಹಾಕಿ, ಬಸಿದ ಮೇಲೆ ಅರ್ಧ ಗಂಟೆ ಬಿಟ್ಟು ಡಬ್ಬಿ ಎತ್ತಿ. ಅದು ತುಂಬಿದ ಭಾರ. ಆಮೇಲೆ ನೀರು ಹಾಕದೆ ದಿನಾ ಎತ್ತುತ್ತಾ ಹೋಗಿ. ಎರಡು ಬೆರಳ ಗೆಣ್ಣಿನ ಆಳಕ್ಕೆ ಮಣ್ಣು ಒಣಗಿದ ದಿನ ಎಷ್ಟು ಹಗುರ ಇರುತ್ತದೋ ಅದು ನೀರು ಹಾಕುವ ಭಾರ. ಒಂದು ವಾರದಲ್ಲಿ ಕೈಗೆ ರೂಢಿ ಆಗುತ್ತದೆ. ದೊಡ್ಡ ಬಕೆಟ್ ಎತ್ತಲು ಆಗದಿದ್ದರೆ ಒಂದು ಕಡೆ ಸ್ವಲ್ಪ ಓರೆ ಮಾಡಿದರೂ ಸಾಕು.

ಡಬ್ಬಿ ಭಾರ ಇದೆ, ಗಿಡ ಬಾಡಿದೆ

ಮಣ್ಣು ಮೂಸಿ. ಹಳಸಿದ ವಾಸನೆ ಬಂದರೆ ಒಳಗೆ ಕೊಳೆತ ಶುರುವಾಗಿದೆ. ಅನುಮಾನ ಇದ್ದರೆ ಗಿಡವನ್ನು ಮಣ್ಣಿನ ಸಮೇತ ಹೊರಗೆ ಜಾರಿಸಿ ಬೇರು ನೋಡಿ. ಬಿಳಿ ಬೇರು, ಎಳೆದರೆ ಗಟ್ಟಿ ಇದ್ದರೆ ಚಿಂತೆ ಇಲ್ಲ. ಕಂದು ಬಣ್ಣ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಬೇರು ಸತ್ತಿದೆ.

ಈಗ ಡಬ್ಬಿಯ ತಳ ನೋಡಿ. ತೂತು ಎಷ್ಟಿವೆ? ಎಣ್ಣೆ ಡಬ್ಬಿಗೆ ಆರೋ ಎಂಟೋ ಬೇಕು, ಮೊಸರಿನ ಡಬ್ಬಿಗೆ ನಾಲ್ಕು. ಮೊಳೆಯನ್ನು ಡಬ್ಬಿಯ ಒಳಗಿನಿಂದ ಹೊರಗೆ ಹೊಡೆಯಬೇಕು. ನಾನು ಹೊರಗಿನಿಂದ ಒಳಗೆ ಹೊಡೆದಿದ್ದೆ. ಹಾಗೆ ಹೊಡೆದರೆ ತಗಡು ಒಳಗೆ ಕಟ್ಟೆಯ ಹಾಗೆ ಎದ್ದು ನಿಲ್ಲುತ್ತದೆ, ಆ ಕಟ್ಟೆಯ ಎತ್ತರದವರೆಗೆ ನೀರು ನಿಂತೇ ಇರುತ್ತದೆ. ಇಷ್ಟು ಸಣ್ಣ ವಿಷಯ ಯಾರು ನೋಡುತ್ತಾರೆ ಅಂತೀರಾ? ಬೇರು ನೋಡುತ್ತದೆ.

ತೂತು ಸರಿ ಇದ್ದೂ ನೀರು ಬಸಿಯದಿದ್ದರೆ ಡಬ್ಬಿ ಎಲ್ಲಿ ಕೂತಿದೆ ನೋಡಿ. ನಮ್ಮ ಕಡೆ ಮಾಳಿಗೆ ಮೇಲೂ ಅಂಗಳದಲ್ಲೂ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ನುಣುಪಾದ ಫರ್ಸಿ ಮೇಲೆ ಚಪ್ಪಟೆ ತಳದ ಡಬ್ಬಿ ಇಟ್ಟರೆ ಮುಚ್ಚಳ ಹಾಕಿದಂತೆಯೇ ಅಲ್ವಾ? ಕೆಳಗೆ ಎರಡು ಇಟ್ಟಿಗೆ ಚೂರು ಕೊಡಿ. ನೀರೂ ಹರಿಯುತ್ತದೆ, ಕೆಳಗಿನ ಕಾವೂ ಕಡಿಮೆ ಆಗುತ್ತದೆ.

ತಳದಲ್ಲಿ ಜಲ್ಲಿಕಲ್ಲಿನ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕೆಳಗಿನ ಕಲ್ಲಿಗೆ ಇಳಿಯುವುದೇ ಇಲ್ಲ. ಅಂದರೆ ಒದ್ದೆ ಪದರ ತಳದ ಬದಲು ಇನ್ನಷ್ಟು ಮೇಲೆ, ಬೇರಿನ ಹತ್ತಿರಕ್ಕೇ ಬರುತ್ತದೆ. ಮೊದಲೇ ಡಬ್ಬಿ ಗಿಡ್ಡ, ಅದರಲ್ಲಿ ಕಾಲು ಭಾಗ ಕಲ್ಲಿಗೆ ಯಾಕೆ ಕೊಡಬೇಕು? ತೂತಿನ ಮೇಲೆ ತೆಂಗಿನ ನಾರೋ ಹಳೆ ಸೊಳ್ಳೆ ಪರದೆಯ ತುಂಡೋ ಇಟ್ಟರೆ ಮಣ್ಣು ಸೋರುವುದಿಲ್ಲ, ಅಷ್ಟೇ ಬೇಕಿರುವುದು.

ಮುಖ್ಯ ದೋಷಿ ಮಾತ್ರ ಎರೆ ಮಣ್ಣು. ಹೊಲದಲ್ಲಿ ಅದು ಬಂಗಾರ, ತೊಗರಿ ಜೋಳ ಬೆಳೆಯುವುದೇ ಅದರ ತೇವದ ಮೇಲೆ. ಡಬ್ಬಿಯಲ್ಲಿ ಅದೇ ಗುಣ ಶತ್ರು. ನೆಂದರೆ ಉಬ್ಬಿ ಅಂಟಾಗುತ್ತದೆ, ಗಾಳಿಗೆ ಜಾಗ ಬಿಡುವುದಿಲ್ಲ. ಬೀದರಿನಲ್ಲಿರುವ ನಮ್ಮ ಅಕ್ಕ ಇದೇ ಥರದ ಡಬ್ಬಿಯಲ್ಲಿ ಇದೇ ಥರದ ಕಡ್ಡಿ ನೆಟ್ಟು ಸೊಂಪಾಗಿ ಪುದೀನ ಬೆಳೆಸುತ್ತಿದ್ದಳು. ಅವಳ ಕೈಗುಣ ಎಂದುಕೊಂಡಿದ್ದೆ. ಕೈಗುಣ ಅಲ್ಲ, ಅಲ್ಲಿನ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು. ಅದರಲ್ಲಿ ನೀರು ನಿಲ್ಲುವುದಿಲ್ಲ. ಎರೆ ಮಣ್ಣೇ ಇದೆ ಅನ್ನುವವರು ಅದನ್ನು ಮೂರರಲ್ಲಿ ಒಂದು ಪಾಲು ಮಾತ್ರ ಹಾಕಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಇನ್ನೊಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಯಾದಗಿರಿ, ಶಹಾಪುರ, ಸುರಪುರ ಕಡೆಯವರಿಗೆ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ. ಆ ಕೊನೆಯ ಪಾಲಿನಲ್ಲಿ ಕೋಕೋಪೀಟ್ ಅರ್ಧ, ಹೊಟ್ಟು ಅರ್ಧ ಹಾಕಿದರೂ ನಡೆಯುತ್ತದೆ.

ಡಬ್ಬಿ ಹಗುರ ಇದೆ, ನೀರು ಹಾಕಿದ ಕೂಡಲೇ ಕೆಳಗಿಂದ ಸುರಿಯುತ್ತದೆ

ಇದು ಮೋಸ ಮಾಡುವ ದೋಷ. ಮೇಲೆ ನೀರು ಹಾಕಿದಿರಿ, ಕೆಳಗೆ ಬಂತು, ಮಣ್ಣು ನೆಂದಿದೆ ಎಂದುಕೊಂಡಿರಿ. ಮತ್ತೆ ಎತ್ತಿ ನೋಡಿ. ಹಗುರವಾಗಿಯೇ ಇದೆ ಅಲ್ವಾ? ಎರೆ ಮಣ್ಣು ಒಣಗಿದಾಗ ಕುಗ್ಗಿ ಡಬ್ಬಿಯ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಬಿರುಕಿನಲ್ಲಿ ಇಳಿದು ಹೊರಗೆ ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಕೋಕೋಪೀಟ್ ಪೂರ್ತಿ ಒಣಗಿದರೂ ಇದೇ ಕಥೆ. ಎಣ್ಣೆ ಡಬ್ಬಿಯನ್ನು ಸರಿಯಾಗಿ ತೊಳೆಯದೆ ಬಳಸಿದವರಿಗೂ ಒಮ್ಮೊಮ್ಮೆ ಹೀಗಾಗುತ್ತದೆ, ಜಿಡ್ಡು ಹತ್ತಿದ ಮಣ್ಣು ನೀರು ಕುಡಿಯುವುದಿಲ್ಲ.

ಅಗಲ ಟಬ್ಬಿನಲ್ಲಿ ನೀರು ತುಂಬಿ, ಡಬ್ಬಿಯನ್ನು ಮುಕ್ಕಾಲು ಭಾಗ ಮುಳುಗುವಂತೆ ಇಡಿ. ಗುಳುಗುಳು ಎಂದು ಗುಳ್ಳೆ ಬರುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಅರ್ಧ ಗಂಟೆ ಸಾಕು. ಆಮೇಲೆ ಅಂಚಿನ ಬಿರುಕಿಗೆ ಗೊಬ್ಬರ ತುರುಕಿ, ಮೇಲೆ ಒಂದು ಬೆರಳು ದಪ್ಪ ತೊಗರಿ ಹೊಟ್ಟು ಹರಡಿ. ತೊಗರಿ ಕಣಜ ಅನ್ನಿಸಿಕೊಂಡ ನಮ್ಮ ಜಿಲ್ಲೆಯಲ್ಲಿ ಹೊಟ್ಟಿಗೇನು ಬರ? ದಾಲ್ ಮಿಲ್ ಹತ್ತಿರ ಇದ್ದರೆ ಇನ್ನೂ ಸುಲಭ. ಆದರೆ ಮೇಲೆ ಮಾತ್ರ ಹರಡಿ. ಹಸಿ ಹೊಟ್ಟನ್ನು ಜಾಸ್ತಿ ಮಣ್ಣಿಗೆ ಬೆರೆಸಿದರೆ ಅದು ಕೊಳೆಯುವಾಗ ಗಿಡದ ಸಾರಜನಕವನ್ನೇ ತಿನ್ನುತ್ತದೆ. ಭತ್ತದ ಹೊಟ್ಟು ಬೇಗ ಕೊಳೆಯುವುದಿಲ್ಲ, ಅದಕ್ಕೆ ಆ ಭಯ ಕಡಿಮೆ.

ಭಾರ ಸರಿ ಇದೆ, ಮಧ್ಯಾಹ್ನ ಮಾತ್ರ ಬಾಡುತ್ತದೆ

ಸಂಜೆ ತಾನೇ ಎದ್ದು ನಿಂತರೆ ಅದು ರೋಗ ಅಲ್ಲ, ಬಿಸಿಲು. ಡಬ್ಬಿಯ ಪಶ್ಚಿಮದ ಮೈ ಮುಟ್ಟಿ ನೋಡಿ. ಮೂರು ಗಂಟೆ ಹೊತ್ತಿಗೆ ಕೈ ಇಡಲು ಆಗದಿದ್ದರೆ ಒಳಗಿನ ಬೇರಿಗೂ ಅದೇ ಗತಿ. ಹೊರಗೆ ಸುಣ್ಣ ಬಳಿಯಿರಿ, ಇಲ್ಲವೇ ಗೋಣಿ ತಟ್ಟು ಸುತ್ತಿ. ಡಬ್ಬಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಹೊರಗಿನವು ಮಾತ್ರ ಕಾಯುತ್ತವೆ, ಒಳಗಿನವು ಬದುಕುತ್ತವೆ. ಮಾರ್ಚ್‌ನಿಂದ ಹಳೆ ಸೀರೆ ಅಡ್ಡ ಕಟ್ಟಿ. ಥರ್ಮಾಕೋಲ್ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ, ನಮ್ಮ ಬೇಸಿಗೆಗೆ ಅದಕ್ಕಿಂತ ಒಳ್ಳೆ ಕುಂಡ ಇಲ್ಲ.

ಹಳದಿ ಆಗಿದೆ

ಯಾವ ಎಲೆ? ಇದೊಂದೇ ಪ್ರಶ್ನೆ ಕೇಳಿಕೊಳ್ಳಿ. ಕೆಳಗಿನ ಹಳೆ ಎಲೆ ಮೊದಲು, ಇಡೀ ಎಲೆ ಒಂದೇ ಸಮ ಹಳದಿಯಾಗಿದ್ದರೆ ಊಟ ಕಡಿಮೆ. ಸಾರಜನಕ ಸಾಲದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಪುದೀನವನ್ನು ನಾಲ್ಕಾರು ಸಲ ಕೊಯ್ದು ಏನೂ ಹಾಕದಿದ್ದರೆ ಹೀಗೇ ಆಗುವುದು. ಒಂದು ಹಿಡಿ ಕಳಿತ ಗೊಬ್ಬರ ಹಾಕಿ. ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ. ಚಹಾಪುಡಿ ಹಾಕುವುದಾದರೆ ಸಕ್ಕರೆ ಹೋಗುವಂತೆ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆ ಮನೆ ಮಾಡುತ್ತವೆ.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ ಕಾಣುತ್ತಿದ್ದರೆ ವಿಷಯ ಬೇರೆ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಇದ್ದರೂ ಸಿಗುತ್ತಿಲ್ಲ, ಯಾಕೆಂದರೆ ಸುಣ್ಣ ಜಾಸ್ತಿ ಇರುವ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಬಹಳ. ಕರಿಬೇವು ಮೊದಲು ತೋರಿಸುತ್ತದೆ.

ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ಒಂದು ವರ್ಷ ಮರಳು ದುಬಾರಿ ಎಂದು, ಫರ್ಸಿ ಕಡಿಯುವ ಕಡೆ ರಾಶಿ ಬಿದ್ದಿದ್ದ ಬೂದು ಪುಡಿಯನ್ನು ಚೀಲದಲ್ಲಿ ತುಂಬಿ ತಂದೆ. ಪುಕ್ಕಟೆ. ನೋಡಲು ನಯವಾದ ಮರಳಿನಂತೆಯೇ ಇತ್ತು. ಎಲ್ಲಾ ಡಬ್ಬಿಗೂ ಬೆರೆಸಿದೆ. ಒಂದು ತಿಂಗಳಲ್ಲಿ ಕರಿಬೇವಿನ ಚಿಗುರು ನಿಂಬೆಹಣ್ಣಿನ ಬಣ್ಣಕ್ಕೆ ಬಂತು, ಆಮೇಲೆ ಪುದೀನ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಆ ಥರದ ಕಲ್ಲು ನೆಲದಡಿ ಇದೆ ಎಂದೇ ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿರುವುದು. ಇಷ್ಟು ಗೊತ್ತಿದ್ದೂ ಅದರ ಪುಡಿಯನ್ನು ನಾನೇ ಕೈಯಾರೆ ಗಿಡಕ್ಕೆ ತಿನ್ನಿಸಿದ್ದೆ.

ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಒಂದು ಚಮಚ ಒಣ ಮಣ್ಣನ್ನು ತಟ್ಟೆಯಲ್ಲಿ ಹಾಕಿ, ಮೇಲೆ ನಾಲ್ಕು ಹನಿ ನಿಂಬೆರಸ ಅಥವಾ ವಿನೆಗರ್ ಹಿಂಡಿ. ಕಿವಿ ಹತ್ತಿರ ತನ್ನಿ. ಚುರ್ ಎಂದು ಸದ್ದಾಗಿ ಸಣ್ಣ ನೊರೆ ಎದ್ದರೆ ಸುಣ್ಣ ಇದೆ. ನನ್ನ ಬೂದು ಪುಡಿ ಈನೋ ಹಾಕಿದ ಹಾಗೆ ಉಕ್ಕಿತು. ಬಿಳಿ ಹರಳು ಇರುವ ಎರೆ ಮಣ್ಣೂ ಸ್ವಲ್ಪ ನೊರೆ ಬರುತ್ತದೆ. ಮರಳು ತಂದರೂ ಮೊದಲು ಹೀಗೆ ನೋಡಿ, ನೊರೆ ಬರದಿದ್ದರೆ ಬಳಸಿ.

ಪರಿಹಾರ ಎಂದರೆ ಮಣ್ಣು ಬದಲಿಸುವುದು, ಬೇರೆ ಅಡ್ಡದಾರಿ ಇಲ್ಲ. ತಾತ್ಕಾಲಿಕವಾಗಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಕೆಲಸ ಮಾಡುತ್ತದೆ. ಲೀಟರ್ ನೀರಿಗೆ 2ರಿಂದ 3 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಎಲೆ ಮೇಲೆ ಸಿಂಪಡಿಸಿ. ವಾರದಲ್ಲಿ ಹೊಸ ಎಲೆ ಹಸಿರಾಗುತ್ತಾ ಬಂದರೆ ನಿಮ್ಮ ಊಹೆ ಸರಿ. ಫರ್ಸಿ ಮೇಲೆ ಚೆಲ್ಲಬೇಡಿ, ತುಕ್ಕಿನ ಕಲೆ ಹೋಗಲ್ಲ. ತುಕ್ಕು ಹಿಡಿದ ಮೊಳೆ ಹೂಳುವುದರಿಂದ ಏನೂ ಆಗಲ್ಲ, ಆ ಕಬ್ಬಿಣವನ್ನೂ ಸುಣ್ಣ ಬಿಡುವುದಿಲ್ಲ. ಒಲೆ ಬೂದಿಯೂ ಬೇಡ. ಹುಳಕ್ಕೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ, ಆದರೆ ಇಂಥ ಮಣ್ಣಿಗೆ ಅದು ಸುಣ್ಣದ ಮೇಲೆ ಸುಣ್ಣ.

ಎಲೆಯ ತುದಿ ಸುಟ್ಟಿದೆ, ಮಣ್ಣಿನ ಮೇಲೆ ಬಿಳಿ ಪದರ

ಉಪ್ಪು. ಯಾವ ನೀರು ಹಾಕುತ್ತಿದ್ದೀರಿ ಎಂದು ಯೋಚಿಸಿ. ಬೋರ್ ನೀರು ಗಡಸು, ಅದು ಗೊತ್ತಿರುವುದೇ. ಅದಕ್ಕಿಂತ ಕೆಟ್ಟವು ಎರಡಿವೆ. ಒಂದು, ಆರ್‌ಒ ಮಷಿನ್ ಹೊರಗೆ ಬಿಡುವ ನೀರು. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಇನ್ನೊಂದು, ಏರ್ ಕೂಲರಿನ ತೊಟ್ಟಿಯ ನೀರು. ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ತೊಟ್ಟಿ ತೊಳೆಯುವಾಗ ನೀರು ಸುಮ್ನೆ ಚೆಲ್ಲಬಾರದು ಎಂದು ಗಿಡಕ್ಕೆ ಹಾಕುತ್ತೇವೆ. ದಿನಗಟ್ಟಲೆ ಫ್ಯಾನ್ ಗಾಳಿಗೆ ನೀರು ಆರಿ ಹೋಗಿ, ಉಪ್ಪು ಮಾತ್ರ ಉಳಿದು ಉಳಿದು ದಟ್ಟವಾಗಿರುತ್ತದೆ. ಕೂಲರಿನ ಹುಲ್ಲಿನ ಮೇಲೆ ಕಟ್ಟುವ ಬಿಳಿ ಗಟ್ಟಿ ನೋಡಿದ್ದೀರಲ್ಲ, ಅದೇ. ಎಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಹಾಗಲ್ಲ, ಅದು ಗಾಳಿಯ ತೇವ, ಉಪ್ಪಿರುವುದಿಲ್ಲ.

ಬಿಳಿ ಪದರವನ್ನು ಕೆರೆದು ತೆಗೆಯಿರಿ. ಡಬ್ಬಿಯ ಅಳತೆಯ ಎರಡು ಮೂರು ಪಟ್ಟು ಒಳ್ಳೆ ನೀರನ್ನು ನಿಧಾನವಾಗಿ ಸುರಿದು ಕೆಳಗಿಂದ ಹೋಗಲು ಬಿಡಿ. ತೂತು ಸರಿ ಇದ್ದರೆ ಮಾತ್ರ ಈ ಕೆಲಸ. ಮಳೆಗಾಲದಲ್ಲಿ ಇದನ್ನು ಮಳೆಯೇ ಮಾಡಿಕೊಡುತ್ತದೆ.

ಬೀಜ ಮೊಳಕೆ ಬಂದಿಲ್ಲ

ಮೆಂತ್ಯ ಐದು ದಿನದಲ್ಲಿ ಬಾರದಿದ್ದರೆ ಬೀಜದ್ದೇ ತಪ್ಪು, ಇಲ್ಲವೇ ಪಾರಿವಾಳದ್ದು. ಮಣ್ಣು ಕೆದರಿದ ಗುರುತು ಇದ್ದರೆ ಹಳೆ ಸೊಳ್ಳೆ ಪರದೆ ಮುಚ್ಚಿ. ಕೊತ್ತಂಬರಿ ನಿಧಾನ, ಹತ್ತು ಹದಿನೈದು ದಿನ ಬೇಕು. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆ ಕೆಳಗೆ ಹಗುರವಾಗಿ ಉರುಳಿಸಿ ಎರಡಾಗಿ ಒಡೆಯಬೇಕು, ಪುಡಿ ಮಾಡಬಾರದು. ಕಿರಾಣಿ ಅಂಗಡಿಯ ಧನಿಯಾ ಹಾಕುವವರು ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು ನೋಡಿ. ನಾಲ್ಕಕ್ಕಿಂತ ಕಡಿಮೆ ಮೊಳೆತರೆ ಅದನ್ನು ಚಟ್ನಿಪುಡಿಗೆ ಕೊಡಿ.

ಮೊಳಕೆ ಬಂದು, ಒಂದು ಇಂಚು ಎದ್ದು, ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಅಡ್ಡ ಬಿದ್ದರೆ ಅದು ಬುಡ ಕೊಳೆ. ಒತ್ತಾಗಿ ಬಿತ್ತಿದ್ದೀರಿ, ಸಂಜೆ ನೀರು ಹಾಕುತ್ತಿದ್ದೀರಿ. ಬಿದ್ದವನ್ನು ಕಿತ್ತು, ಉಳಿದವಕ್ಕೆ ಬೆಳಿಗ್ಗೆ ಮಾತ್ರ ನೀರು ಕೊಡಿ.

ಹುಳ

ಎಲೆಯ ಹಿಂಭಾಗ ನೋಡಿ, ಮುಂಭಾಗ ಸುಳ್ಳು ಹೇಳುತ್ತದೆ. ಬೇಸಿಗೆಯಲ್ಲಿ ಎಲೆ ಧೂಳು ಹಿಡಿದಂತೆ ಮಂಕಾಗಿದ್ದರೆ ಬಿಳಿ ಹಾಳೆಯ ಮೇಲೆ ಕೊಡವಿ. ಚುಕ್ಕೆಗಳು ನಡೆದಾಡಿದರೆ ಕೆಂಪು ನುಸಿ. ಗೆಣ್ಣಿನಲ್ಲಿ ಹತ್ತಿಯಂಥದ್ದು ಇದ್ದರೆ ಹಿಟ್ಟು ತಿಗಣೆ. ಇರುವೆ ಸಾಲು ಕಂಡರೆ ಮೇಲೆ ಹೇನೋ ತಿಗಣೆಯೋ ಇದ್ದೇ ಇದೆ, ಅವು ಬಿಡುವ ಸಿಹಿ ಅಂಟಿಗೆ ಇರುವೆ ಬರುವುದು. ಮೂರಕ್ಕೂ ಮೊದಲು ಪೈಪಿನ ನೀರಿನಿಂದ ಜೋರಾಗಿ ಎಲೆಯ ಹಿಂಭಾಗ ತೊಳೆಯಿರಿ. ಬಗ್ಗದಿದ್ದರೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಹೊತ್ತು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಅಂಗಡಿಯ ಕೀಟನಾಶಕ ಬೇಡವೇ ಬೇಡ, ನಾಳೆ ಚಟ್ನಿ ಮಾಡುವ ಸೊಪ್ಪು ಇದು. ಹಾಗೆಯೇ ಕೀಟನಾಶಕದ ಖಾಲಿ ಕ್ಯಾನ್, ಏನಿತ್ತೋ ಗೊತ್ತಿಲ್ಲದ ಕೆಮಿಕಲ್ ಡ್ರಮ್ಮು, ಪೇಂಟ್ ಡಬ್ಬಿ ಇವುಗಳಲ್ಲಿ ತಿನ್ನುವ ಸೊಪ್ಪು ಹಾಕಬೇಡಿ. ಎಷ್ಟು ತೊಳೆದರೂ ಬೇಡ.

ದೋಷವೇ ಅಲ್ಲದ ದೋಷ

ಕೊತ್ತಂಬರಿಯ ಎಲೆ ಇದ್ದಕ್ಕಿದ್ದಂತೆ ಸಬ್ಬಸಿಗೆಯ ಹಾಗೆ ಎಳೆ ಎಳೆಯಾಗಿ, ನಡುವೆ ಒಂದು ದಂಟು ಎದ್ದು ನಿಂತರೆ ನೀವೇನೂ ತಪ್ಪು ಮಾಡಿಲ್ಲ. ಸೆಖೆ ಬಂತು, ಅದು ಹೂ ಬಿಡಲು ಹೊರಟಿದೆ. ದಂಟು ಚಿವುಟಿದರೂ ಹಿಂದಕ್ಕೆ ಬರುವುದಿಲ್ಲ. ಕೊತ್ತಂಬರಿಗೆ 30 ಡಿಗ್ರಿ ದಾಟಿದರೆ ಆಗದು, ನಮ್ಮಲ್ಲಿ ಏಪ್ರಿಲ್ ಮೇನಲ್ಲಿ 42, 43. ಅಕ್ಟೋಬರಿನಿಂದ ಜನವರಿವರೆಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಡಬ್ಬಿ ಬಿತ್ತುತ್ತಾ ಹೋಗಿ, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ. ಮೆಂತ್ಯವನ್ನು ಎಳ್ಳ ಅಮಾವಾಸ್ಯೆಗೆ ಒಂದು ತಿಂಗಳು ಮೊದಲು ಹಾಕಿದರೆ ಹಬ್ಬದ ಭಜ್ಜಿ ಪಲ್ಯಕ್ಕೆ ಮನೆಯದೇ ಸೊಪ್ಪು. ಬೇಸಿಗೆಯಲ್ಲಿ ಕೊತ್ತಂಬರಿಯನ್ನು ಸಂತೆಯಿಂದ ತನ್ನಿ, ಖಾಲಿ ಬಿದ್ದ ಆಳವಾದ ಬಕೆಟಿಗೆ ನಾಲ್ಕು ಪುಂಡಿ ಸೊಪ್ಪಿನ ಬೀಜ ಹಾಕಿ. ಅದು ಬಿಸಿಲಿಗೆ ಹೆದರುವುದಿಲ್ಲ. ನೀರು ಹಾಕುವ ಮೊದಲು ಅದನ್ನೂ ಒಮ್ಮೆ ಓರೆ ಮಾಡಿ ಭಾರ ನೋಡಿ.